ನಲವತ್ತಮೂರು ಓಮ್

ಅರವತ್ತು ಬೋರ್ಡುಗಳಲ್ಲಿ ಒಂದೂ ಪಾಸಾಗಲಿಲ್ಲ.

ಅಳತೆ ಕೋಣೆಯ ತಂತ್ರಜ್ಞ ಮೊದಲು ತನ್ನ ಯಂತ್ರವನ್ನೇ ಅನುಮಾನಿಸಿದ. ಕೇಬಲ್ ಬದಲಿಸಿದ, ತಿರುಪು ಬಿಗಿ ಮಾಡಿದ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಹತ್ತನೆಯ ಬೋರ್ಡಿಗೂ ಪರದೆಯ ಮೇಲೆ ಅದೇ ಅಂಕಿ — ನಲವತ್ತಮೂರು ಓಮ್. ಬರಬೇಕಾದದ್ದು ಐವತ್ತು. ಒಂಬತ್ತು ಗಂಟೆಗೆ ಹುಟ್ಟಿದ ಸುದ್ದಿ ಹತ್ತರೊಳಗೆ ಮಹಡಿಯೆಲ್ಲ ಸುತ್ತಿತು. ಹನ್ನೊಂದಕ್ಕೆ ಅಪರಾಧಿಯೂ ಸಿಕ್ಕಾಗಿತ್ತು.

ಅಪರಾಧಿ ಎಂದರೆ ಸೊಸೆ. ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಕೆಳಮಹಡಿಯ ತಪಾಸಣೆ ಕೋಣೆಯಲ್ಲಿ ಅವಳ ಗಂಡನ ತಾಯಿ ಇಪ್ಪತ್ತೆಂಟು ವರ್ಷದಿಂದ ಕೂತಿದ್ದರು. ಬಂದ ಮಾಲು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್ಸು ಕಳಿಸುತ್ತಿದ್ದ ಅವರಿಗೆ ಮೈಕ್ರಾನಮ್ಮ ಎಂದು ಅಡ್ಡಹೆಸರು. ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ — ಇಂಥ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಸೊಸೆ ಮೇಲಿನ ಮಹಡಿಯಲ್ಲಿ ರಡಾರ್ ವಿನ್ಯಾಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಖಾಯಂ.

ರಡಾರು ರೈಲು ಗೇಟಿಗೆ. ಹಳಿಯ ಮೇಲೆ ಗಾಡಿಯೋ ಮನುಷ್ಯರೋ ಸಿಕ್ಕಿಬಿದ್ದಿದ್ದರೆ ದೂರದ ರೈಲಿಗೆ ಮೊದಲೇ ತಿಳಿಸುವ ಸಾಧನ. ಅದರ ಬೋರ್ಡಿನ ಮೇಲೆ ಮೈಕ್ರೋವೇವ್ ಸಂಕೇತ ಓಡುವುದು ತಾಮ್ರದ ತೆಳು ಗೆರೆಗಳ ಮೇಲೆ. ಗೆರೆಯ ಇಂಪೀಡೆನ್ಸ್, ಅಂದರೆ ಅದು ಸಂಕೇತಕ್ಕೆ ಒಡ್ಡುವ ತಡೆ, ಉದ್ದಕ್ಕೂ ಐವತ್ತು ಓಮ್ ಇರಬೇಕು. ಇಲ್ಲವಾದರೆ ಸಂಕೇತದ ಒಂದು ಪಾಲು ಅರ್ಧ ದಾರಿಯಿಂದಲೇ ಹಿಂದಿರುಗುತ್ತದೆ, ರಡಾರಿನ ಕಣ್ಣು ಮಂಜಾಗುತ್ತದೆ. ಗೆರೆ ಎಷ್ಟು ಅಗಲ ಇದ್ದರೆ ಐವತ್ತು ಬರುತ್ತದೆ ಎಂದು ಹೇಳುವುದು ಒಂದು ಸಾಫ್ಟ್‌ವೇರ್. ತಾಮ್ರದ ಕೆಳಗಿನ ಹಾಳೆಯ ದಪ್ಪ ಕೊಡಬೇಕು. ಆ ಹಾಳೆಯ ಗುಣ ಹೇಳುವ ಒಂದು ಅಂಕಿ ಕೊಡಬೇಕು. ಅದಕ್ಕೆ ಇಲ್ಲಿಯವರ ಬಾಯಲ್ಲಿ ಡಿಕೆ ಎಂದು ಹೆಸರು. ಉಳಿದದ್ದನ್ನು ಅದೇ ಲೆಕ್ಕ ಹಾಕುತ್ತದೆ.

ವಿಭಾಗದ ಮುಖ್ಯಸ್ಥೆ ಸೊಸೆಯ ಹೆಸರಲ್ಲಿದ್ದ ಲೆಕ್ಕದ ಕಡತವನ್ನು ಎಲ್ಲರ ಎದುರಿಗೇ ತೆರೆದರು. ದಪ್ಪ 406 ಮೈಕ್ರಾನ್. ಡಿಕೆ 2.55. ಅಗಲ 1.14 ಮಿಲಿಮೀಟರ್. ಇಂಪೀಡೆನ್ಸ್ ಐವತ್ತು.

"ನಾವು ಬಳಸೋ ಹಾಳೆಯ ಡಿಕೆ 3.55. ನೀನು ಪಟ್ಟಿಯಿಂದ ಬೇರೆ ಯಾವುದೋ ಹಾಳೆ ಆರಿಸಿದ್ದೀಯ," ಎಂದರು.

ತಾನು ಹಾಕಿದ್ದು 3.55, ದಪ್ಪವೂ 406 ಅಲ್ಲ, 508 ಎಂದು ಸೊಸೆ ಹೇಳಿದಳು. ಮುಖ್ಯಸ್ಥೆ ಬೋರ್ಡಿನ ನಕ್ಷೆಯನ್ನು ಮುಂದಿಟ್ಟರು. ಅದರ ಟಿಪ್ಪಣಿಯಲ್ಲೂ 406. ಟಿಪ್ಪಣಿ ಬರೆದವರು ನಕ್ಷೆಯಣ್ಣ. ಬೋರ್ಡಿನ ನಕ್ಷೆ ಹಾಕುವುದು ಅವರ ಕಸುಬು, ಅದಕ್ಕೇ ಆ ಹೆಸರು. ಸೊಸೆಗೆ ಈ ಸಾಫ್ಟ್‌ವೇರಿನ ಮೊದಲ ಪಾಠ ಹೇಳಿಕೊಟ್ಟವರೂ ಅವರೇ. ಅವಳು ಅವರತ್ತ ತಿರುಗಿದಳು.

"ನೀನು ಬಾಯಲ್ಲಿ ಹೇಳಿದ್ದನ್ನೇ ಬರ್ಕೊಂಡೆ ತಾಯಿ," ಎಂದರು ನಕ್ಷೆಯಣ್ಣ, ಬಹಳ ಮೆತ್ತಗೆ.

ಕಡತ ಯಾವತ್ತು ಬದಲಾಯಿತು ಎಂದು ನೋಡೋಣವೆಂದರೆ, ಮುಖ್ಯಸ್ಥೆ ಆಗಷ್ಟೇ ಅದನ್ನು ತೆರೆದು, ಮುದ್ರಿಸಿ, ಉಳಿಸಿಯೂ ಆಗಿತ್ತು. ತಾರೀಕಿನ ಜಾಗದಲ್ಲಿ ಇವತ್ತಿನ ತಾರೀಕು ಕೂತಿತ್ತು. ಕಂಪ್ಯೂಟರ್ ಇಡೀ ವಿಭಾಗಕ್ಕೆ ಒಂದೇ, ಪಾಸ್‌ವರ್ಡೂ ಒಂದೇ. 'ನನ್ನ ಅಜಾಗರೂಕತೆಯಿಂದ' ಎಂದು ಶುರುವಾಗುವ ಪತ್ರವೊಂದು ಸಿದ್ಧವಾಯಿತು. ಸಂಜೆ ಐದರೊಳಗೆ ಸಹಿ ಬೇಕು. ಸಹಿ ಬಿದ್ದರೆ ಖಾಯಂ ಆಗುವ ಮಾತು ಅಲ್ಲಿಗೆ ಮುಗಿಯಿತು, ಇನ್ನೊಂದು ಕಡೆ ಕೆಲಸ ಕೇಳುವಾಗಲೂ ಆ ಪತ್ರ ಬೆನ್ನ ಹಿಂದೆಯೇ ಬರುತ್ತದೆ.

ಸೊಸೆ ಮೆಟ್ಟಿಲಿಳಿದು ತಪಾಸಣೆ ಕೋಣೆಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಇಳಿದು ಬಂದಿತ್ತು. ಅತ್ತೆ ಕೈಯಲ್ಲಿದ್ದ ವರ್ನಿಯರ್ ಅಳತೆಗೋಲನ್ನು ಕೆಳಗಿಟ್ಟು ಕೇಳಿದರು:

"ನೀನು ಹಾಕಿದ್ದು 508. ಇದು ನೆನಪಾ, ಗೊತ್ತಾ?"

ಬೆಳಿಗ್ಗೆಯಾಗಿದ್ದರೆ ಗೊತ್ತು ಎನ್ನುತ್ತಿದ್ದಳು. ಆದರೆ ಎರಡೆರಡು ಕಾಗದ ಸುಳ್ಳು ಎನ್ನುವಾಗ ಯಾರಿಗೆ ತಾನೇ ಧೈರ್ಯ ಉಳಿಯುತ್ತದೆ? "ನೆನಪು ಅತ್ತೆ," ಎಂದಳು.

"ನಿನ್ನ ನೆನಪಿಗೆ ಅವರು ಬೆಲೆ ಕೊಡಲ್ಲ. ನಾನೂ ಕೊಡಲ್ಲ. ನಡಿ, ಅಳೆಯೋಣ."

ಅದು ಸಮಾಧಾನದ ಮಾತೋ ಅಲ್ಲವೋ ಸೊಸೆಗೆ ತಿಳಿಯಲಿಲ್ಲ. ಬೆನ್ನು ಸವರಿ 'ನೀನಲ್ಲ ಬಿಡು' ಎನ್ನುವ ಅತ್ತೆ ಇವರಲ್ಲ. ಮನೆಯಲ್ಲಿ ಪರದೆ ಬಟ್ಟೆ ಕತ್ತರಿಸುವಾಗಲೂ ಮೂರು ಸಲ ಟೇಪು ಹಿಡಿಸುವ ಹೆಂಗಸು. ಆದರೆ ತಿರಸ್ಕೃತ ಮಾಲಿನ ವರದಿಗೆ, ಅದು ಯಾವ ಮಹಡಿಯದೇ ಆಗಿರಲಿ, ತಪಾಸಣೆ ವಿಭಾಗದ ಸಹಿ ಬೇಕು. ಅತ್ತೆ ಆ ನಿಯಮ ಹಿಡಿದುಕೊಂಡು ಮೇಲೆ ಹೋದರು.

"ಅವಳು ನಿಮ್ಮ ಸೊಸೆ ಅಲ್ವಾ?" ಎಂದು ಮುಖ್ಯಸ್ಥೆ ಹುಬ್ಬೇರಿಸಿದರು.

"ಹೌದು. ಅದಕ್ಕೇ ಎಲ್ಲವನ್ನೂ ಎರಡೆರಡು ಸಲ ಅಳೀತೀನಿ."

ಮೊದಲು ಒಂದು ಬೋರ್ಡನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಅಳತೆ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಹಾಳೆಯ ದಪ್ಪ 406. ಇನ್ನೊಂದು ಬೋರ್ಡು — 406. ಕಡತ, ನಕ್ಷೆ, ಬೋರ್ಡು, ಮೂರೂ ಒಂದೇ ಮಾತು ಹೇಳುತ್ತಿದ್ದವು. ಸುಳ್ಳು ಹೇಳುತ್ತಿರುವವಳು ತಾನೊಬ್ಬಳೇ ಎಂದು ಸೊಸೆಗೆ ಅನ್ನಿಸಿತು. ಪತ್ರಕ್ಕೆ ಸಹಿ ಹಾಕಿ ಮನೆಗೆ ಹೋಗಿಬಿಡಲೇ ಎಂದು ಕೇಳಿದಳು. ಅತ್ತೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, ಇನ್ನೂ ಮೂರೂವರೆ ಗಂಟೆ ಇದೆ, ಪೆನ್ನು ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು.

ಮುಂದಿನದು ವಿಚಾರಣೆ. ಆ ಕಂಪ್ಯೂಟರನ್ನು ಮುಟ್ಟುವವರು ಸೊಸೆಯಲ್ಲದೆ ಮೂವರು: ಮುಖ್ಯಸ್ಥೆ, ನಕ್ಷೆಯಣ್ಣ, ಖರೀದಿ ವಿಭಾಗದ ಯಜಮಾನರು. ಅತ್ತೆ ಯಾರನ್ನೂ 'ನೀವಾ ಮಾಡಿದ್ದು' ಎಂದು ಕೇಳಲಿಲ್ಲ. ಖಾಲಿ ಕಡತವೊಂದನ್ನು ತೆರೆಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೂವರಿಗೂ ಬೇರೆ ಬೇರೆಯಾಗಿ ಒಂದೇ ಬೇಡಿಕೆ ಇಟ್ಟರು — ನನಗೆ ಕಬ್ಬಿಣ ಗೊತ್ತು, ಇದು ಗೊತ್ತಿಲ್ಲ. ಒಂದು ಗೆರೆಯ ಲೆಕ್ಕ ಮಾಡಿ ತೋರಿಸಿ.

ಖರೀದಿ ಯಜಮಾನರು ಮುಖ ಗಂಟು ಹಾಕಿಕೊಂಡೇ ಬಂದರು. ತಮ್ಮ ಮೇಲೆ ಗೂಬೆ ಕೂರಿಸಲು ಕರೆದಿದ್ದಾರೆಂದೇ ಅವರ ಖಾತ್ರಿ. ಮೌಸ್ ಹಿಡಿದು ಎರಡು ನಿಮಿಷ ಹುಡುಕಾಡಿ ಸಾಫ್ಟ್‌ವೇರನ್ನೇ ಮುಚ್ಚಿಬಿಟ್ಟರು.

"ಬೋರ್ಡ್ ಫ್ಯಾಕ್ಟರಿಗೆ ಆರ್ಡರ್ ಕಳಿಸೋರು ನೀವಲ್ವಾ?" ಅತ್ತೆ ಕೇಳಿದರು.

"ನಕ್ಷೆ ನಂಬರ್ ಹಾಕಿ ಕಳಿಸ್ತೀನಿ, ಅಷ್ಟೇ. ಈ ಕಂಪ್ಯೂಟರಲ್ಲಿ ನಂಗೆ ಬೇಕಾಗಿರೋದು ಆ ನಂಬರೊಂದೇ."

"ಹಾಳೆ ವಿಷಯ ಫ್ಯಾಕ್ಟರಿಯವರು ಏನಾದ್ರೂ ಕೇಳಿದ್ರೆ?"

"ನನ್ನ ಯಾಕೆ ಕೇಳ್ತಾರೆ? ನಕ್ಷೆಯವರಿಗೆ ಫೋನ್ ಮಾಡ್ತಾರೆ."

ಮುಖ್ಯಸ್ಥೆ ಗಡಿಯಾರ ನೋಡುತ್ತಲೇ ಕೂತರು. ದಪ್ಪ, ಡಿಕೆ, ಐವತ್ತು ಓಮ್ — ಟಕಟಕನೆ ಒತ್ತಿದರು. ಬಂದ ಅಗಲವನ್ನು ಕಾಗದದ ಮೇಲೆ ಬರೆದರು. ಪರದೆಯನ್ನು ಕೆಳಕ್ಕೆ ಸರಿಸಿ ಇನ್ನೊಂದು ಅಂಕಿ ಬರೆದುಕೊಂಡರು. ಅದೇನು ಎಂದು ಅತ್ತೆ ಕೇಳಿದ್ದಕ್ಕೆ, ಕಾಲು ಅಲೆಯ ಉದ್ದ ಎಂದರು. ಸಂಕೇತದ ಒಂದು ಅಲೆಯ ನಾಲ್ಕನೇ ಒಂದು ಪಾಲು ಆ ಹಾಳೆಯ ಮೇಲೆ ಎಷ್ಟುದ್ದ ಆಗುತ್ತದೆ ಎಂಬ ಲೆಕ್ಕ. ಮೈಕ್ರೋವೇವಿನಲ್ಲಿ ಕೆಲವು ಗೆರೆಗಳು ಸರಿಯಾಗಿ ಅಷ್ಟೇ ಉದ್ದ ಇರಬೇಕಂತೆ. ಅತ್ತೆ ತಲೆಯಾಡಿಸಿದರು.

ನಕ್ಷೆಯಣ್ಣ ಹಿಂದೆ ಕಂಪ್ಯೂಟರಿನ ಒಳಗಿನ ಬೋರ್ಡು ಮಾಡುವ ಕಡೆ ಹದಿನೆಂಟು ವರ್ಷ ದುಡಿದವರು. ಬೆರಳು ಮುಖ್ಯಸ್ಥೆಗಿಂತ ಚುರುಕು. ಪಾಠ ಹೇಳುವಾಗಿನ ತಾಳ್ಮೆಯಿಂದಲೇ ಒಂದೊಂದನ್ನೂ ವಿವರಿಸಿದರು. ಬಲು ಒಳ್ಳೆಯ ಮೇಷ್ಟ್ರು ಎಂದು ಸೊಸೆಗೆ ಆ ಹೊತ್ತಿನಲ್ಲೂ ಅನ್ನಿಸಿತು.

"ನೋಡಿ ಅಮ್ಮ, ಅಗಲ ಬಂತು. ಇದನ್ನ ನಕ್ಷೆಗೆ ಹಾಕಿದ್ರೆ ಮುಗೀತು," ಎಂದು ಕಿಟಕಿ ಮುಚ್ಚಿ ಎದ್ದರು.

ಅತ್ತೆ ಮತ್ತೆ ತಪಾಸಣೆ ಕೋಣೆಗೆ ಇಳಿದರು. ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಇದರಲ್ಲಿ ಕಾಲು ಅಲೆ ಉದ್ದದ ಐವತ್ತು ಓಮ್ ಗೆರೆ ಯಾವುದಾದರೂ ಇದೆಯೇ ಎಂದು ಕೇಳಿದರು. ಸೊಸೆ ಒಂದು ಕವಲನ್ನು ತೋರಿಸಿದಳು. ಗೆರೆಗಳ ಆಕಾರ ಅವಳದೇ. ಅದನ್ನು ಅವಳು ಕೊಟ್ಟ ಹಾಗೆಯೇ ಫ್ಯಾಕ್ಟರಿಗೆ ಕಳಿಸುವುದು ಪದ್ಧತಿ. ಅತ್ತೆ ಅಳೆದರು. ಬೇರೆ ಬೋರ್ಡು ತೆಗೆದು ಮತ್ತೆ ಅಳೆದರು. ನಾಲ್ಕೂವರೆಗೆ ಎಲ್ಲರನ್ನೂ ಮುಖ್ಯಸ್ಥೆಯ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಆ ಪತ್ರ, ಪತ್ರದ ಮೇಲೆ ಪೆನ್ನು.

"ಬೆಳಿಗ್ಗೆ ತೋರಿಸಿದ ಕಡತ ತೆಗೀರಿ. ಕೆಳಗಿನವರೆಗೂ ಸರಿಸಿ. ಕೊನೇ ಸಾಲಲ್ಲಿ ಎಷ್ಟಿದೆ?"

"ಉದ್ದ, 5.15 ಮಿಲಿಮೀಟರ್," ಎಂದು ಮುಖ್ಯಸ್ಥೆ ಓದಿದರು.

"ಬೋರ್ಡಿನ ಮೇಲೆ ಆ ಗೆರೆ 4.49 ಇದೆ. ಎರಡು ಬೋರ್ಡು, ಎರಡೆರಡು ಸಲ."

ಮುಖ್ಯಸ್ಥೆಯ ಕೈ ಮೌಸಿನ ಮೇಲೆಯೇ ನಿಂತಿತು. ಅಗಲ ಮತ್ತು ಉದ್ದ ಒಂದೇ ಲೆಕ್ಕದಿಂದ ಹುಟ್ಟುವ ಜೋಡಿ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆಯಿಂದ ಎಲ್ಲರೂ ಜಗಳವಾಡಿದ್ದು ಅಗಲದ ಮೇಲೆ, ಓಮಿನ ಮೇಲೆ. ಕೊನೆಯ ಸಾಲಿನತ್ತ ಯಾರೂ ಕಣ್ಣು ಹಾಯಿಸಿರಲಿಲ್ಲ. ಸೊಸೆಯೂ ಹಾಯಿಸಿರಲಿಲ್ಲ, ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು.

ಈಗ 508 ಮತ್ತು 3.55 ಹಾಕಿ ನೋಡಿ ಎಂದರು ಅತ್ತೆ. ಮುಖ್ಯಸ್ಥೆ ಹಾಕಿದರು. ಅಗಲ 1.14. ಉದ್ದ 4.49. ಎರಡೂ ಬೋರ್ಡಿನ ಮೇಲಿದ್ದ ಅಳತೆಗಳೇ.

"ಅಂದ್ರೆ ಇವಳು ಮಾಡಿದ ಲೆಕ್ಕ ಇದು," ಎಂದರು ಅತ್ತೆ. "ಗೆರೆಗಳ ಆಕಾರ ಫ್ಯಾಕ್ಟರಿಗೆ ಹೋದ ಮೇಲೆ ಯಾರೋ ಕಡತದಲ್ಲಿ ದಪ್ಪ ಬದಲಿಸಿದ್ದಾರೆ. ಬದಲಿಸಿದ ಮೇಲೂ 1.14ಕ್ಕೆ ಐವತ್ತು ಓಮ್ ಕಾಣಿಸಬೇಕಲ್ಲ, ಅದಕ್ಕೆ ಡಿಕೆಯನ್ನ 2.55ಕ್ಕೆ ಇಳಿಸಿದ್ದಾರೆ. ಉದ್ದ ತಾನಾಗೇ ಬದಲಾಗಿದೆ. ಅದು ಅವರಿಗೆ ಗೊತ್ತಾಗಿಲ್ಲ."

"ಯಾರು?" ಮುಖ್ಯಸ್ಥೆ ಕೇಳಿದರು.

"ಇವಳೇ ಬದಲಿಸಿ ತನ್ನ ತಲೆ ಮೇಲೆ ಕಲ್ಲು ಹಾಕ್ಕೊಳ್ಳಲ್ಲ. ಖರೀದಿಯವರಿಗೆ ಸಾಫ್ಟ್‌ವೇರ್ ತೆರೆಯೋಕೂ ಬರಲ್ಲ. ನಿಮ್ಮನ್ನೂ ಅನುಮಾನಿಸಿದೆ ಮೇಡಂ, ತಪ್ಪು ತಿಳೀಬೇಡಿ. ಆದ್ರೆ ನೀವು ಲೆಕ್ಕ ಮಾಡಿದಾಗ ಯಾರೂ ಹೇಳದೇನೇ ಉದ್ದ ಬರ್ಕೊಂಡ್ರಿ. ನೀವು ಮೋಸ ಮಾಡಿದ್ರೆ ಉದ್ದಾನೂ ಸೇರಿಸಿ ಮಾಡ್ತಿದ್ರಿ. ಇವಳು ಹೇಳೋ ಪ್ರಕಾರ ಕಂಪ್ಯೂಟರ್ ಬೋರ್ಡಲ್ಲಿ ಅಗಲ ಒಂದೇ ಲೆಕ್ಕ, ಉದ್ದ ಅಂದ್ರೆ ಇಲ್ಲಿಂದ ಅಲ್ಲಿಗೆ, ಅಷ್ಟೇ. ಹದಿನೆಂಟು ವರ್ಷ ಅದನ್ನೇ ಮಾಡಿದವರು ಒಬ್ಬರು ಅಗಲ ಬಂದ ಕೂಡಲೇ ಕಿಟಕಿ ಮುಚ್ಚಿದ್ರು. ನಕ್ಷೆಯ ಟಿಪ್ಪಣಿ ಬರೆಯೋರೂ ಅವರೇ, ಫ್ಯಾಕ್ಟರಿ ಫೋನ್ ಬರೋದೂ ಅವರಿಗೇ."

ಯಾರೂ ನಕ್ಷೆಯಣ್ಣನ ಕಡೆ ನೋಡಲಿಲ್ಲ. ಅತ್ತೆ ಮಾತ್ರ ನೇರವಾಗಿ ನೋಡಿದರು.

"ಫ್ಯಾಕ್ಟರಿಗೆ ಫೋನ್ ಮಾಡಿ ಕೇಳ್ಲಾ ಅಣ್ಣ, ಹಾಳೆ ಬದಲಿಸೋಕೆ ಒಪ್ಪಿದ್ದು ಯಾರು ಅಂತ?"

"ಬೇಡ," ಎಂದರು ನಕ್ಷೆಯಣ್ಣ. ಆಮೇಲೆ ಕುರ್ಚಿ ಹುಡುಕಿ ಕೂತರು.

ಕತೆ ದೊಡ್ಡದೇನಲ್ಲ. ಎರಡು ತಿಂಗಳ ಹಿಂದೆ ಅವರ ಮಗಳಿಗೆ ಆಪರೇಷನ್ ನಡೆಯುತ್ತಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ ಫೋನ್ ಬಂದಿತ್ತು: 508 ಮುಗಿದಿದೆ, 406 ಹಾಕಬಹುದೇ? ನೂರು ಮೈಕ್ರಾನ್ ತಾನೇ ಎಂದು ಹೂಂ ಅಂದುಬಿಟ್ಟರು, ಮರುದಿನ ನಕ್ಷೆಯ ಟಿಪ್ಪಣಿ ತಿದ್ದಿದರು, ಯಾರಿಗೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ನಲವತ್ತಮೂರು ಓಮ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸೊಸೆಯ ಕಡತ ತೆರೆದು ಅಂಕಿ ತಿದ್ದಲು ಕೂತರಂತೆ. ಮುಖ್ಯಸ್ಥೆ ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಅಷ್ಟು ಸಾಕಾಯಿತು.

"ನೀನು ಚಿಕ್ಕವಳು, ಇನ್ನೊಂದು ಕಡೆ ಸಿಗುತ್ತೆ ಅಂದ್ಕೊಂಡೆ," ಎಂದರು ಸೊಸೆಯ ಮುಖ ನೋಡದೆ. "ಈ ವಯಸ್ಸಲ್ಲಿ ನಂಗೆ ಯಾರು ಕೊಡ್ತಾರೆ?"

ಸೊಸೆಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಬೇರೆ ಯಾರಾದರೂ ಆಗಿದ್ದರೆ ಬರೀ ಸಿಟ್ಟು ಬರುತ್ತಿತ್ತು. ಮುಖ್ಯಸ್ಥೆ ಪತ್ರವನ್ನು ಹರಿಯಲು ಕೈಗೆತ್ತಿಕೊಂಡರು. ಅವಳು ತಡೆದಳು.

"ಈಗಲೇ ಹರೀಬೇಡಿ ಮೇಡಂ. ತಪ್ಪು ನಂದು ಅಂತ ಎಲ್ಲರ ಎದುರಿಗೆ ಹೇಳಿದ್ರಿ. ಅಲ್ಲ ಅಂತಾನೂ ಎಲ್ಲರ ಎದುರಿಗೇ ಹೇಳಿ, ಆಮೇಲೆ ಹರೀರಿ."

ಮುಖ್ಯಸ್ಥೆ ಪತ್ರವನ್ನು ಮತ್ತೆ ಮೇಜಿನ ಮೇಲಿಟ್ಟು, ಆಗಲಿ ಎಂದರು. ಅತ್ತೆ ತಮ್ಮ ವರದಿಯನ್ನು ಬಿಡಿಸಿ ಬರೆಯತೊಡಗಿದರು.

ಸೊಸೆ ಮುಖ್ಯಸ್ಥೆಯ ಪಕ್ಕಕ್ಕೆ ಹೋಗಿ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಅರವತ್ತು ಬೋರ್ಡು ಹೋದವು, ಸರಿ; ರೈಲು ಗೇಟುಗಳು ಕಾಯುತ್ತ ನಿಂತಿವೆ, ಮುಂದಿನ ಅರವತ್ತು ಆಗಲೇಬೇಕು. ಫ್ಯಾಕ್ಟರಿಯಲ್ಲಿ 406 ಮಾತ್ರ ಸಿಗುವುದಾದರೆ ಅದರಲ್ಲೇ ಆಗಲಿ. ದಪ್ಪದ ಜಾಗದಲ್ಲಿ 406 ಒತ್ತಿದಳು. ಡಿಕೆ 3.55. ಇಂಪೀಡೆನ್ಸ್ ಐವತ್ತು. ಪರದೆ ಅಗಲ ತೋರಿಸಿತು — 0.91. ಕೆಳಗೆ ಸರಿಸಿದಳು. ಉದ್ದ 4.49, ಮೊದಲಿನಷ್ಟೇ. ಬದಲಾಗಬೇಕಿದ್ದದ್ದು ಅಗಲ ಒಂದೇ.

ಅವಳು ಪರದೆಯನ್ನು ನಕ್ಷೆಯಣ್ಣನ ಕಡೆಗೆ ತಿರುಗಿಸಿದಳು.

"ಆವತ್ತು ನಂಗೊಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಅಣ್ಣ," ಎಂದಳು. "ಎರಡು ನಿಮಿಷದ ಕೆಲಸ."