ಸದ್ದಿಲ್ಲದ ಅಳು

ಪಕ್ಕದ ಮನೆಯವಳು ತಂದುಕೊಟ್ಟ ಮೀನು ಕುಂಬಳದ ಸಾರನ್ನು ಚಾಂತಾ ಸೊಸೆಯ ಕೈಯಿಂದ ಕಿತ್ತುಕೊಂಡು ಬಿದಿರು ನೆಲದ ಸಂದಿಯಲ್ಲಿ ಸುರಿದೇಬಿಟ್ಟಳು. ಕೆಳಗೆ ಮನೆಯ ಕಂಬಗಳ ನಡುವೆ ಮಲಗಿದ್ದ ಹಂದಿ ಎದ್ದು ಮೂಸತೊಡಗಿತು. ಗೋಡೆಗೊರಗಿ ಕೂತಿದ್ದ ಬುವಾಸೀಯ ಬೆರಳುಗಳು ಇನ್ನೂ ಬಟ್ಟಲು ಹಿಡಿದಂತೆಯೇ ಬಾಗಿದ್ದವು.

"ಹೆತ್ತು ಇನ್ನೂ ಮೂರು ತಿಂಗಳು ತುಂಬಿಲ್ಲ, ನಾಲಿಗೆ ಆಗಲೇ ಊರು ಸುತ್ತೋಕೆ ಹೊರಟಿದೆ" ಎಂದಳು ಚಾಂತಾ. "ನಿನ್ನ ಬಾಯಿ ಚಪಲಕ್ಕೆ ನನ್ನ ಮೊಮ್ಮಗಳನ್ನ ಬಲಿ ಕೊಡ್ತೀಯಾ?"

"ಚಪಲ ಅಲ್ಲಮ್ಮ… ಕಾಲಲ್ಲಿ ಜೀವವೇ ಇಲ್ಲ. ನಿಂತ್ರೆ ಮೀನಖಂಡ ಹಿಂಡಿದ ಹಾಗಾಗುತ್ತೆ."

"ನಾನು ಬಾಣಂತಿ ಆಗಿದ್ದಾಗ ನದಿಯಿಂದ ನೀರು ಹೊತ್ತಿದ್ದೀನಿ. ನಿನ್ನ ಕಾಲು ಮಲಗೋಕೇ ಮಾಡಿರೋದು ಬಿಡು."

ಆ ನದಿದಂಡೆಯ ಊರುಗಳಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗಿ ಇರುವುದು ವಾಡಿಕೆ. ಬುವಾಸೀಗೆ ತಾಯಿ ಇರಲಿಲ್ಲ. ಹಾಗಾಗಿ ಅವಳೇ ಇಲ್ಲಿಗೆ ಬರಬೇಕಾಯಿತು. ಗಂಡ ಖಾಂಪಿಯು ಕೆಳನದಿಯಲ್ಲಿ ಮರಳಿನ ದೋಣಿಯ ಮೇಲೆ ದುಡಿಯುತ್ತಿದ್ದ. ಹುಣ್ಣಿಮೆಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಕದ್ದು ಒಂದು ತುತ್ತು ಕೊಡುವವರು, ನಿನ್ನ ಕಾಲಿಗೆ ಏನಾಗಿದೆ ಎಂದು ಮುಟ್ಟಿ ನೋಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಚಾಂತಾ ಆ ದಂಡೆಯ ಊರುಗಳಿಗೆಲ್ಲ ಬೇಕಾದವಳು. ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯ ಮಂಚದಡಿ ಬೆಂಕಿ ಹೂಡಲು ಅವಳೇ ಬರಬೇಕು. ಯಾವ ಸೌದೆ ಹೊಗೆಯಾಡುವುದಿಲ್ಲ, ಯಾವ ಬೇರನ್ನು ಬಿಸಿನೀರಿಗೆ ಹಾಕಬೇಕು ಎಲ್ಲ ಅವಳಿಗೆ ಗೊತ್ತು. ಬೆಂಕಿಯ ದಿನಗಳು ಮುಗಿದರೂ ಪಥ್ಯ ಮುಗಿಯುವುದಿಲ್ಲ. ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಹಬೆಯಲ್ಲಿ ಬೇಯಿಸಿದ ಅಂಟು ಅಕ್ಕಿಯ ಬಿಳಿ ಅನ್ನ, ಉಪ್ಪು, ಸುಟ್ಟ ಶುಂಠಿ. ಅಷ್ಟೇ. ಮೀನು ನಂಜು, ಕುಂಬಳ ಶೀತ, ಕಾಳು ವಾಯು.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲವೇನೋ. ಖಾಂಪಿಯುವಿಗಿಂತ ಮೊದಲು ಅವಳು ಮೂರು ಕೂಸುಗಳನ್ನು ಹೆತ್ತಿದ್ದಳು. ಚೊಚ್ಚಲ ಬಾಣಂತನದಲ್ಲಿ ತಂಗಿ ಮರುಕಪಟ್ಟು ಒಂದು ಹಿಡಿ ಬೇಯಿಸಿದ ಅಲಸಂದೆ ಕೊಟ್ಟಿದ್ದಳು. ಹಸಿವು ತಾಳಲಾರದೆ ತಿಂದಳು. ಮೂರನೇ ತಿಂಗಳಲ್ಲಿ ಕೂಸು ಹೋಯಿತು. ಸುದ್ದಿ ಕೇಳಿ ಬಂದ ಅತ್ತೆ ಹಾಸಿಗೆಯ ಮಗ್ಗುಲಲ್ಲಿ ಸಿಪ್ಪೆ ಕಂಡು, ತಿಂದು ಕೊಂದೆ ಎಂದಳು. ಮುಂದಿನ ಎರಡು ಬಾಣಂತನಗಳಲ್ಲಿ ಚಾಂತಾ ಉಪ್ಪಿನಾಚೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಆ ಎರಡೂ ಹೋದವು… ಮೊದಲು ಮಾಡಿದ ಪಾಪವೇ ಇನ್ನೂ ತೀರಿಲ್ಲ ಎಂದುಕೊಂಡಳು. ಖಾಂಪಿಯು ಹುಟ್ಟಿದ್ದು ಪ್ರವಾಹದ ವರ್ಷ. ಊರೇ ಗುಡ್ಡ ಹತ್ತಿತ್ತು. ಒಣ ಸೌದೆ ಇರಲಿಲ್ಲ, ಬೆಂಕಿ ಹೂಡಲಾಗಲಿಲ್ಲ. ಕಾಡುಗೆಣಸು, ಬಸವನಹುಳು, ಯಾರದೋ ಮನೆಯ ಹಂದಿಮಾಂಸ, ಸಿಕ್ಕಿದ್ದನ್ನೆಲ್ಲ ತಿಂದು ಬದುಕಿದರು. ಅವನು ಉಳಿದ. ನದಿ ಕರುಣೆ ತೋರಿತು ಎಂದು ಅವಳು ನಂಬಿದ್ದಳು. ಹೆಂಡತಿಯ ಜೊತೆ ಬಹಳ ಮಾತಾಡದ ಗಂಡ ತೀರಿಕೊಂಡ ಮೇಲೆ ಆ ಮೂರರ ನೆನಪು ಅವಳೊಬ್ಬಳದೇ ಆಯಿತು.

ಸಾರು ಚೆಲ್ಲಿದ ಮರುದಿನ ಬೆಳಿಗ್ಗೆ ಚಾಂತಾ ಅನ್ನ ಬೇಯಿಸುತ್ತಿದ್ದಾಗ ಒಳಗಿನಿಂದ ಬುವಾಸೀ ಸಮಾಧಾನದಿಂದ ಹೇಳಿದಳು.

"ರಾತ್ರಿಯೆಲ್ಲ ಅತ್ತು ಅತ್ತು ಈಗ ಸುಮ್ಮನಾಗಿದೆಯಮ್ಮ ಪಾಪು."

ಚಾಂತಾ ಬಂದು ಬಗ್ಗಿ ನೋಡಿದಳು. ಕೂಸು ಸುಮ್ಮನಾಗಿರಲಿಲ್ಲ! ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪೇರಿತ್ತು, ಎದೆ ಏದುತ್ತಿತ್ತು. ಅಳುತ್ತಿತ್ತು… ದನಿ ಮಾತ್ರ ಇರಲಿಲ್ಲ.

ಈ ಅಳುವನ್ನು ಅವಳು ಮೂರು ಸಲ ಕಂಡಿದ್ದಳು. ಆ ಮೂರು ಸಲವೂ ಹೊರಟ ಪ್ರಾಣವನ್ನು ಮಂತ್ರ ಹೇಳಿ ಹಿಂದಕ್ಕೆ ಕರೆಯುವವರನ್ನು ಕರೆಸಿ, ಬಾಗಿಲು ಮುಚ್ಚಿ, ಗಾಳಿ ತಾಗದಂತೆ ಕೂಸನ್ನು ಅಪ್ಪಿಕೊಂಡು ಕೂತಿದ್ದಳು. ಪಥ್ಯದಲ್ಲಿರುವವಳ ಕೂಸನ್ನು ನದಿ ದಾಟಿಸಬಾರದು. ಊರಿಗೆಲ್ಲ ಆ ಮಾತು ಹೇಳಿಕೊಟ್ಟವಳೂ ಅವಳೇ.

"ಏಳು" ಎಂದಳು. "ಆಸ್ಪತ್ರೆಗೆ ಹೋಗೋಣ."

ಬುವಾಸೀ ಏಳಲು ನೋಡಿದಳು. ಮೊಣಕಾಲು ಬಟ್ಟೆಯ ಹಾಗೆ ಮಡಿಚಿ ನೆಲಕ್ಕೆ ಕುಸಿದಳು. ಎತ್ತಲು ಬಗ್ಗಿದ ಚಾಂತಾ ಮೊದಲ ಬಾರಿಗೆ ಆ ಕಾಲುಗಳನ್ನು ಮುಟ್ಟಿದಳು. ಪಾದ ಊದಿತ್ತು. ಅದುಮಿದರೆ ಕುಳಿ ಬಿದ್ದು ಹಾಗೇ ಉಳಿಯಿತು. ನಾಟಕವೆಂದು ಹಂಗಿಸುತ್ತ ಬಂದ ಕಾಲುಗಳು! ಪಕ್ಕದ ಮನೆಯವಳನ್ನು ಕೂಗಿ ಕರೆಯಬೇಕಾಯಿತು. ನಿನ್ನೆ ತನ್ನ ಸಾರು ಹಂದಿಯ ಪಾಲಾದದ್ದನ್ನು ಅವಳು ಎತ್ತಿ ಆಡಲಿಲ್ಲ. ಇಬ್ಬರೂ ಸೇರಿ ಬುವಾಸೀಯನ್ನು ದೋಣಿಗೆ ಇಳಿಸಿದರು.

ಆಚೆ ದಂಡೆಯ ಸಣ್ಣ ಆಸ್ಪತ್ರೆಯಲ್ಲಿ ವಿಲೈ ಎಂಬ ನರ್ಸ್ ಕೂಸನ್ನು ನೋಡಿದವಳೇ ತೊಡೆಗೆ ಸೂಜಿ ಚುಚ್ಚಿದಳು. ತಾಯಿ ಏನು ತಿಂತಾಳೆ ಎಂದಳು. ಚಾಂತಾ ಎಂದಿನ ಅಧಿಕಾರದಿಂದಲೇ ಪಥ್ಯ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏಕೋ ಸಣ್ಣದಾಯಿತು.

ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ದನಿ ಒಡೆದು, ಕರ್ಕಶವಾಗಿ, ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತಿತು! ಬುವಾಸೀ ನಗುತ್ತ ಅಳುತ್ತಿದ್ದಳು. ಚಾಂತಾ ಮಾತ್ರ ಮೆಲ್ಲಗೆ ಎದ್ದು ಹೊರಗೆ ಹೋದಳು. ವಿಲೈ ಬಂದಾಗ ಅವಳು ಜಗಲಿಯ ತುದಿಯಲ್ಲಿ ನದಿ ನೋಡುತ್ತ ಕೂತಿದ್ದಳು.

"ಅಷ್ಟೊಂದು ಅನ್ನ ತಿಂತಿದ್ದಳಲ್ಲಮ್ಮ. ಶಕ್ತಿ ಯಾಕೆ ಬರಲಿಲ್ಲ?" ಎಂದು ಚಾಂತಾ ಕೇಳಿದಳು.

"ಅನ್ನ ಸೌದೆ ಇದ್ದ ಹಾಗೆ ಅಜ್ಜಿ. ಎಷ್ಟು ಒಟ್ಟಿದ್ರೂ ಕಿಡಿ ತಾಗದೆ ಉರಿಯುತ್ತಾ? ಆ ಕಿಡಿ ಬಿ ಒಂದು ಅನ್ನೋ ವಿಟಮಿನ್ನು. ಅಕ್ಕಿಯ ತೌಡಲ್ಲಿರುತ್ತೆ, ಮೀನು, ಮಾಂಸ, ಕಾಳಲ್ಲಿರುತ್ತೆ. ಅಕ್ಕಿ ಬೆಳ್ಳಗೆ ಮಾಡಿಸಿ ನೆನೆಸಿದ ನೀರು ಚೆಲ್ಲಿದ್ರೆ ಉಳಿದದ್ದೂ ಹೋಯ್ತು. ತಾಯಿ ಮೈಯಲ್ಲಿ ಇಲ್ಲ ಅಂದ್ರೆ ಹಾಲಲ್ಲೂ ಇಲ್ಲ. ಮಗು ದನಿ ಕಟ್ಟುತ್ತೆ, ಹೃದಯ ಸೋತುಹೋಗುತ್ತೆ."

ಚಾಂತಾ ನದಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಒಬ್ಬಳು ಬಾಣಂತಿ… ಕದ್ದು ಒಂದು ಹಿಡಿ ಅಲಸಂದೆ ತಿಂದಿದ್ದಳು ಅಂತಿಟ್ಟುಕೋ. ಅದರಿಂದ ಕೂಸು ಸಾಯುತ್ತಾ?"

"ಯಾರಂದಿದ್ದು? ದಿನಾ ತಿಂದಿದ್ರೆ ಉಳೀತಿತ್ತು."

ಅಜ್ಜಿಯ ಮುಖ ಕಂಡು ವಿಲೈ ಮಾತು ನಿಲ್ಲಿಸಿದಳು. ಏನೋ ಹೇಳಬಾರದ್ದು ಹೇಳಿದೆನೆಂದು ತೋರಿ, ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದಳು.

ಮನೆಗೆ ಮರಳಿದ ಕೆಲವು ದಿನಗಳಲ್ಲಿ ಬುವಾಸೀ ಮಾತ್ರೆ ನುಂಗಿ, ಮೀನು ಕಾಳು ತಿಂದು, ಗೋಡೆ ಹಿಡಿದು ನಡೆಯತೊಡಗಿದಳು. ಅಡುಗೆ ಮಾಡಿ ಬಡಿಸುತ್ತಿದ್ದವಳು ಚಾಂತಾಳೇ. ಆದರೆ ಸೊಸೆಯ ಮುಖ ನೋಡುತ್ತಿರಲಿಲ್ಲ. ಆಗಲೇ ಮೇಲಿನ ಓಣಿಯ ಹೆಂಗಸರು ಕರೆಯಲು ಬಂದರು. ಅಲ್ಲೊಂದು ಚೊಚ್ಚಲ ಹೆರಿಗೆಯಾಗಿತ್ತು, ಬೆಂಕಿ ಹೂಡಲು ದೊಡ್ಡಮ್ಮನೇ ಬರಬೇಕು.

"ಬೆಂಕಿ ಹೂಡ್ತೀನಿ" ಎಂದಳು ಚಾಂತಾ. "ಉಪ್ಪನ್ನದ ಪಥ್ಯ ಮಾತ್ರ ಹೇಳಲ್ಲ. ಅವಳಿಗೆ ಎಲ್ಲಾ ತಿನ್ನಿಸಿ. ನನ್ನ ಮೂರು ಮಕ್ಕಳನ್ನ ಪಥ್ಯವೇ ತಿಂದುಬಿಡ್ತು."

ಹೆಂಗಸರು ಮುಖ ಮುಖ ನೋಡಿಕೊಂಡರು. ವಯಸ್ಸಾಯಿತು ಪಾಪ ಎಂದು ಒಬ್ಬಳು ಮೆಟ್ಟಿಲಿಳಿಯುವಾಗ ಅಂದದ್ದು ಮೇಲಕ್ಕೂ ಕೇಳಿಸಿತು. ಸಂಜೆಯೊಳಗೆ ಅವರು ಬೇರೆ ಊರಿನಿಂದ ಬೇರೆಯವಳನ್ನು ಕರೆತಂದರು. ದಂಡೆಯಲ್ಲಿ ಅವಳನ್ನು ಕರೆಯುವವರು ಇನ್ನು ಯಾರೂ ಇಲ್ಲವೆಂದು ಚಾಂತಾಳಿಗೆ ತಿಳಿಯಿತು. ನಾಳೆ ಬಾಣಂತಿಯ ಮನೆಗೆ ಕರೆಯದೆಯೇ ಹೋಗಬೇಕು, ಬಾಗಿಲು ಹಾಕಿದರೂ ಹೋಗಬೇಕು ಎಂದುಕೊಂಡು ಒಬ್ಬಳೇ ಮೆಟ್ಟಿಲ ಮೇಲೆ ಕೂತಳು.

ಹಿಂದಿನಿಂದ ತಡವರಿಸುವ ಹೆಜ್ಜೆ ಕೇಳಿತು. ಬುವಾಸೀ ಕಂಬ ಹಿಡಿದು ಬಂದು, ಕಷ್ಟಪಟ್ಟು ಪಕ್ಕದಲ್ಲಿ ಕೂತಳು. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ. ಕ್ಷಮಿಸಿದ್ದಳೋ ಇಲ್ಲವೋ ಅವಳಿಗೇ ತಿಳಿದಿರಲಿಲ್ಲ.

"ಅಮ್ಮ, ಆ ಮೂವರ ಹೆಸರೇನು?"

ಚಾಂತಾ ತಿರುಗಿ ನೋಡಿದಳು. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಮೊದಲನೆಯವಳು ದಾವೋನ್… ಎರಡನೆಯವನು ಪಾನಿ" ಎಂದಳು. "ಮೂರನೆಯದಕ್ಕೆ ನಾನು ಹೆಸರಿಡಲಿಲ್ಲ. ಹೆಸರಿಟ್ಟು ಕರೆದ್ರೆ ಅದೂ ಹೋಗಿಬಿಡುತ್ತೇನೋ ಅಂತ."