ಎರಡನೆಯ ಕೊಬ್ಬರಿ ಮಿಠಾಯಿ

"ಮುಟ್ಟಬೇಡ ಅಂತ ನಾನು ಹೇಳ್ತಿಲ್ಲ," ಎಂದಳು ಶ್ರಾವ್ಯಾ. "ತಿನ್ಬೇಕು ಅನ್ಸಿದ್ರೆ ತಿನ್ನು. ಆದ್ರೆ ನಾನು ವಾಪಸ್ ಬರೋವರೆಗೂ ಕಾದ್ರೆ ಇನ್ನೊಂದು ಸಿಗುತ್ತೆ. ಓಕೆನಾ?"

ಇಂದು ತಲೆಯಾಡಿಸಿದಳು. ಅಕ್ಕ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಪೂರ್ತಿ ಹಾಕಲಿಲ್ಲ. ಸಂದಿಯಲ್ಲಿ ಅವಳ ಕನ್ನಡಕ ಮಿನುಗುತ್ತಿತ್ತು.

ಮೇಜಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯ ನಡುವೆ ಒಂದೇ ಒಂದು ಕೊಬ್ಬರಿ ಮಿಠಾಯಿ. ಅಮ್ಮ ಬೆಳಿಗ್ಗೆ ಮಾಡಿದ್ದು. ಏಲಕ್ಕಿಯ ಪರಿಮಳ ಇನ್ನೂ ಮನೆಯೊಳಗೇ ಸುತ್ತಾಡುತ್ತಿತ್ತು. ಇಂದು ಮಿಠಾಯಿಯನ್ನು ನೋಡಿದಳು. ಮಿಠಾಯಿ ಇಂದುವನ್ನು ನೋಡಿತು. 

ಹೊರಗೆ ಜಪಾನಿನ ತ್ಸುಕುಬಾ ಊರಿನ ಮರಗಳಲ್ಲಿ ಜೀರುಂಡೆಗಳು ಒಂದೇ ಸಮನೆ ಕೂಗುತ್ತಿದ್ದವು. ಇಂದು ಕಾಲು ಆಡಿಸಿದಳು. ಫ್ಯಾನ್ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅವಳ ಕೈ ಮಾತ್ರ ಮಡಿಲು ಬಿಟ್ಟು ಮೇಲೇಳಲಿಲ್ಲ.

ಕೊನೆಗೆ ಅಕ್ಕನೇ ತಾಳಲಾರದೆ ಹೊರಗೆ ಬಂದಳು. "ಇಂದೂ, ನಿಂದು ಮನಸ್ಸಲ್ಲ ಕಣೇ, ಕಬ್ಬಿಣ," ಎಂದು ಎರಡನೆಯ ಮಿಠಾಯಿಯನ್ನೂ ಕೊಟ್ಟಳು.

ಸೆಪ್ಟೆಂಬರಿಗೆ ಶ್ರಾವ್ಯಾ ದೂರದ ಕೋಬೆ ನಗರಕ್ಕೆ ಹೋಗುವವಳು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ, ಅಂದರೆ ಮನಸ್ಸಿನ ಓದು. ಕ್ಲಾಸು ಶುರುವಾಗುವ ಮೊದಲೇ ತಯಾರಾಗಬೇಕೆಂದು ಬೇಸಿಗೆಯಿಡೀ ಪುಸ್ತಕ ಓದುತ್ತಿದ್ದಳು. ಓದಿದ್ದನ್ನು ಯಾರ ಮೇಲಾದರೂ ಪ್ರಯೋಗ ಮಾಡಿ ನೋಡೋಣವೆಂದರೆ ಕೊರೊನಾ ಕಾಲ, ಯಾರ ಮನೆಗೂ ಹೋಗುವಂತಿಲ್ಲ. ಹಾಗಾಗಿ ಮನೆಯವರೇ ಸಿಕ್ಕಿಬಿದ್ದರು.

ಅಪ್ಪ ಕನ್ನಡಕ ಹುಡುಕುತ್ತಿದ್ದರೆ, ಅದನ್ನು ಮರೆಯಬೇಕೆಂದು ಅವರ ಒಳಮನಸ್ಸೇ ಬಯಸಿತ್ತು ಎನ್ನುವಳು. ಸಾರಿಗೆ ಉಪ್ಪು ಸಾಕಾ ಎಂದು ಅಮ್ಮ ಕೇಳಿದರೆ, "ಈ ಪ್ರಶ್ನೆ ಕೇಳುವಾಗ ನಿಂಗೆ ಏನನ್ಸುತ್ತೆ ಅಮ್ಮಾ?" ಎಂದು ತಿರುಗಿ ಕೇಳುವಳು.

"ನಿನ್ನ ಕೈಲಿ ಪಾತ್ರೆ ತೊಳೆಸ್ಬೇಕು ಅನ್ಸುತ್ತೆ," ಎಂದಿದ್ದರು ಅಮ್ಮ.

ಇವರೆಲ್ಲರ ನಡುವೆ ಗೆದ್ದವಳು ಇಂದು ಒಬ್ಬಳೇ. ಅಕ್ಕ ಮಾರನೆಯ ದಿನವೂ ಪರೀಕ್ಷೆ ಮಾಡಿದಳು. ಇಂದು ಮತ್ತೆ ಕಾದಳು. ಮೈಸೂರಿನ ಅಜ್ಜಿಗೆ ವೀಡಿಯೋ ಕಾಲ್‌ನಲ್ಲಿ ಸುದ್ದಿ ಹೋಯಿತು. ಅಪ್ಪ ಅವಳನ್ನು ಕಬ್ಬಿಣದ ಇಂದು ಎಂದೇ ಕರೆಯತೊಡಗಿದರು. ಮನೆಯಲ್ಲಿ ಕನ್ನಡಿಯ ಮುಂದೆ ಹಾದುಹೋಗುವಾಗಲೆಲ್ಲ ಇಂದು ಒಂದಿಷ್ಟು ಎದೆ ಸೆಟೆಸಿಕೊಳ್ಳುವಳು.

ಆದರೂ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಕಾಯುವುದು ಅವಳಿಗೆ ಕಷ್ಟವೇ ಆಗಿರಲಿಲ್ಲ. ಕಷ್ಟವಾಗದ್ದಕ್ಕೆ ಇಷ್ಟೊಂದು ಹೊಗಳಿಕೆಯೇ? ಅಕ್ಕನಿಗೆ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಕಬ್ಬಿಣದ ಪಟ್ಟ ಹೋಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಶನಿವಾರ ಬಂತು. ಕೋಬೆಯ ಪ್ರೊಫೆಸರ್ ನಿಶಿದಾ ಸೆನ್ಸೇ ಅವರು ಹೊಸ ವಿದ್ಯಾರ್ಥಿಗಳನ್ನೆಲ್ಲ ಝೂಮ್‌ನಲ್ಲಿ ಸೇರಿಸಿ, ಮನೆಯಲ್ಲೇ ಮಾಡಿದ ಒಂದು ಪುಟ್ಟ ಪ್ರಯೋಗ ತೋರಿಸಲು ಹೇಳಿದ್ದರು. ಶ್ರಾವ್ಯಾ ಮಿಠಾಯಿಯ ಪರೀಕ್ಷೆಯನ್ನೇ ಎಲ್ಲರ ಮುಂದೆ ಮಾಡುವವಳಿದ್ದಳು. ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

"ಇಂದೂ, ಪ್ಲೀಸ್ ತಿನ್ಬೇಡ್ವೇ," ಎಂದಳು ಮೆಲ್ಲಗೆ. "ಅಲ್ಲಿ ನಂಗೆ ಒಬ್ರೂ ಗೊತ್ತಿಲ್ಲ. ಮೊದಲ್ನೇ ದಿನಾನೇ ಎಲ್ರೂ ನಕ್ಕುಬಿಟ್ರೆ, ಹಾಸ್ಟೆಲ್‌ನಲ್ಲಿ ನನ್ ಜೊತೆ ಯಾರು ಮಾತಾಡ್ತಾರೆ?"

ಮನಸ್ಸಿನ ಬಗ್ಗೆ ಎಲ್ಲ ತಿಳಿದವಳಂತೆ ಓಡಾಡುತ್ತಿದ್ದ ಅಕ್ಕನಿಗೂ ಹೆದರಿಕೆಯಿದೆ ಎಂದು ಇಂದುವಿಗೆ ಗೊತ್ತಿರಲಿಲ್ಲ. "ನೆವರ್ ತಿನ್ನಲ್ಲ," ಎಂದು ಮಾತು ಕೊಟ್ಟಳು.

ಮಧ್ಯಾಹ್ನ ಸರಿಯಾಗಿ ಊಟದ ಹೊತ್ತು. ಲ್ಯಾಪ್‌ಟಾಪಿನಲ್ಲಿ ಪುಟ್ಟ ಪುಟ್ಟ ಚೌಕಗಳು, ಚೌಕಕ್ಕೊಂದು ಮುಖ. ಅಕ್ಕ ಮೇಲೆ ಇಸ್ತ್ರಿ ಮಾಡಿದ ಕುರ್ತಾ, ಕೆಳಗೆ ಮನೆಯ ಪೈಜಾಮ ಹಾಕಿಕೊಂಡು ಇಂಗ್ಲಿಷಿನಲ್ಲಿ ವಿವರಿಸಿದಳು. ತಂಗಿಯ ಮುಂದೆ ತಟ್ಟೆಯಿಟ್ಟು ಕೋಣೆಯೊಳಗೆ ಹೋದಳು.

ಇಂದು ನೆಟ್ಟಗೆ ಕೂತಳು. ಮಿಠಾಯಿಯೂ ನೆಟ್ಟಗೆ ಕೂತಿತು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು.

ಕೆಳಗಿನ ಸಾಲಿನ ಒಂದು ಚೌಕದಲ್ಲಿ ಓದಾ ಎಂಬ ಹುಡುಗನಿಗೆ ಹಸಿವಾಗಿತ್ತು. ಅವನು ಊಟದ ಡಬ್ಬಿ ತೆರೆದ. ಮೈಕ್ ಆಫ್ ಮಾಡುವುದನ್ನು ಮರೆತಿದ್ದ. ಕೈ ಜೋಡಿಸಿ, ಊಟಕ್ಕೆ ಮುಂಚೆ ಜಪಾನಿನಲ್ಲಿ ಎಲ್ಲರೂ ಹೇಳುವ ಮಾತನ್ನು ತನ್ನಷ್ಟಕ್ಕೆ ಹೇಳಿಕೊಂಡ.

"ಇತದಾಕಿಮಾಸ್."

ಇಂದುವಿನ ಎರಡೂ ಕೈ ತಾವಾಗಿಯೇ ಜೋಡಿಕೊಂಡವು. "ಇತದಾಕಿಮಾಸ್," ಎಂದಿತು ಅವಳ ಬಾಯಿ. ಮರುಗಳಿಗೆ ಮಿಠಾಯಿ ತಟ್ಟೆಯಲ್ಲಿರಲಿಲ್ಲ.

ಲ್ಯಾಪ್‌ಟಾಪಿನಿಂದ ನಗು ಉಕ್ಕಿ ಹರಿಯಿತು. ಓದಾ ಸುಮಿಮಾಸೆನ್, ಸುಮಿಮಾಸೆನ್ ಎಂದು ತಪ್ಪಾಯಿತೆನ್ನುತ್ತ ಎಷ್ಟು ಬಗ್ಗಿದನೆಂದರೆ ಚೌಕದಲ್ಲಿ ಬರೀ ಅವನ ತಲೆಗೂದಲು ಉಳಿಯಿತು. ಅಕ್ಕ ಓಡಿ ಬಂದಳು. ಖಾಲಿ ತಟ್ಟೆ ನೋಡಿದಳು, ತಂಗಿಯ ಉಬ್ಬಿದ ಕೆನ್ನೆ ನೋಡಿದಳು. ಅವಳ ಮುಖ ಕೆಂಪಾಯಿತು. ಇಂದುವಿನ ಕಣ್ಣಲ್ಲಿ ನೀರು ತುಂಬಿತು.

ಬೇಸಿಗೆಯಿಡೀ ಪ್ರಶ್ನೆಯನ್ನೂ ಶ್ರಾವ್ಯಾಳೇ ಕೇಳಿ, ಉತ್ತರವನ್ನೂ ಅವಳೇ ಹೇಳುತ್ತಿದ್ದಳು. ಈಗ ಕುರ್ಚಿಯ ಪಕ್ಕ ಮಂಡಿಯೂರಿ, "ಯಾಕೆ ತಿಂದೆ ಇಂದೂ?" ಎಂದು ಕೇಳಿದಳು. ಉತ್ತರ ತಾನೇ ಹೇಳದೆ, ತಂಗಿ ನುಂಗುವವರೆಗೂ ಕಾದಳು.

"ಸ್ಕೂಲಲ್ಲಿ ಊಟ ಬಂದ್ರೂ ಯಾರೂ ಮುಟ್ಟಲ್ಲ ಅಕ್ಕ," ಎಂದಳು ಇಂದು. "ಎಲ್ರಿಗೂ ಬಡಿಸೋವರೆಗೂ ಮಾಸ್ಕ್ ಹಾಕ್ಕೊಂಡು, ಮಾತಾಡ್ದೆ, ಬೋರ್ಡ್ ಕಡೆ ನೋಡ್ತಾ ಕೂತಿರ್ತೀವಿ. ಬಡಿಸೋ ಡ್ಯೂಟಿಯ ಮಕ್ಕಳು ಇತದಾಕಿಮಾಸ್ ಅಂದ್ಮೇಲೇನೇ ತಿನ್ನೋದು. ಇಲ್ಲಿ ಯಾರೂ ಅನ್ಲೇ ಇಲ್ಲ, ಅದಕ್ಕೇ ಕಾದೆ. ಕಬ್ಬಿಣ ಎಲ್ಲ ಇಲ್ಲ."

ಅಡುಗೆಮನೆಯಿಂದ ಅಮ್ಮನ ದನಿ ಕೇಳಿತು. "ಮನೇಲೂ ಅಷ್ಟೇ ತಾನೆ? ದೇವರ ಮುಂದೆ ಇಟ್ಟು, ದೀಪ ಬೆಳಗಿ, ಕೈಗೆ ಕೊಡೋವರೆಗೂ ಅದು ಅವಳಿಗೆ ತಿಂಡಿನೇ ಅಲ್ಲ. ನೀನೂ ಹಾಗೇ ಬೆಳೆದಿದ್ದು, ಮರೆತ್ಯಾ?"

ಶ್ರಾವ್ಯಾ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಆಮೇಲೆ ತಂಗಿಯ ಮಾತನ್ನೂ ಅಮ್ಮನ ಮಾತನ್ನೂ ಇಂಗ್ಲಿಷಿನಲ್ಲಿ ಪರದೆಯ ಮುಂದೆ ಹೇಳಿದಳು. ನಗು ನಿಂತಿತು. ನಿಶಿದಾ ಸೆನ್ಸೇ ಮುಂದಕ್ಕೆ ಬಾಗಿ, ಇದು ಕೆಟ್ಟುಹೋದ ಪ್ರಯೋಗವಲ್ಲ, ಈಗ ಶುರುವಾದ ಪ್ರಯೋಗ ಎಂದರು. ಬೇರೆ ಬೇರೆ ಮನೆಯ ಮಕ್ಕಳು ಯಾವುದಕ್ಕೆ ಕಾಯುತ್ತಾರೆ, ಕೇಳಿ ನೋಡಬಾರದೇ ಎಂದರು.

ಸಂಜೆ ಅಕ್ಕ ಇನ್ನೊಂದು ಮಿಠಾಯಿ ತಂದು ಇಂದುವಿನ ಮುಂದಿಟ್ಟಳು. ನಿಯಮದ ಪ್ರಕಾರ ಇದು ಸಿಗಬಾರದಿತ್ತು. ಅಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು. ಅದೇ ಓದಾ. ಮಧ್ಯಾಹ್ನದ ತಪ್ಪಿಗೆ ಕ್ಷಮೆ ಕೇಳಬೇಕಿತ್ತು, ಆ ಬಿಳಿ ಸಿಹಿಯ ಹೆಸರೇನೆಂದೂ ತಿಳಿಯಬೇಕಿತ್ತು. ಅಕ್ಕ ಮಾತಾಡುತ್ತಲೇ ಕೋಣೆಗೆ ಹೋದಳು. ಒಳಗಿನಿಂದ ಅವಳ ನಗು ಕೇಳಿಬಂತು.

ಇಂದು ತಟ್ಟೆ ನೋಡಿದಳು. ಬಾಗಿಲ ಸಂದಿಯಲ್ಲಿ ಈಗ ಕನ್ನಡಕವಿರಲಿಲ್ಲ. ಇತದಾಕಿಮಾಸ್ ಎಂದು ತಾನೇ ಹೇಳಿಕೊಂಡು ತಿಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಎದುರಿನ ಕುರ್ಚಿ ಖಾಲಿಯಿತ್ತು. ಸೆಪ್ಟೆಂಬರಿಗೆ ಆ ಕೋಣೆಯೂ ಖಾಲಿ.

ಅವಳು ಎದ್ದು ಇನ್ನೊಂದು ತಟ್ಟೆ ತಂದಳು. ಅದರಲ್ಲೂ ಒಂದು ಮಿಠಾಯಿಯಿಟ್ಟು ಎದುರಿನ ಕುರ್ಚಿಯ ಮುಂದೆ ಸರಿಸಿ, ಕಾಯುತ್ತ ಕೂತಳು. ಈ ಸಲ ಕಾಯುವುದು ಕಷ್ಟವಾಯಿತು.

ಅಕ್ಕ ಬಂದು ನೋಡಿ, "ಇನ್ನೂ ತಿಂದಿಲ್ವಾ? ಎಕ್ಸ್‌ಪೆರಿಮೆಂಟ್ ಮುಗೀತಲ್ಲೇ," ಎಂದಳು.

ಇಂದು ಕುರ್ಚಿಯತ್ತ ಗಲ್ಲ ತೋರಿಸಿದಳು. ಅಕ್ಕ ಕೂತಳು.

"ಅಕ್ಕಾ, ಕೋಬೆಯಲ್ಲಿ ಊಟಕ್ಕೆ ಕೂತಾಗ ವೀಡಿಯೋ ಕಾಲ್ ಮಾಡು," ಎಂದಳು ಇಂದು. "ಮೈಕ್ ಮಾತ್ರ ಆಫ್ ಮಾಡ್ಬೇಡ."

ಹಾಗೆ ಹೇಳುವಾಗ ನಿನಗೆ ಏನನ್ನಿಸುತ್ತದೆ ಎಂದು ಅಕ್ಕ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಕೈ ಜೋಡಿಸಿದಳು.