ಕುಡಿಯದ ನೀರು

"ದೊಡ್ಡಮ್ಮ, ಕಾಲು," ಎಂದಳು ಪಿಟೀಲು.

ಬಸ್ಸಿನ ಕಿಟಕಿಯಾಚೆ ನೋಡುತ್ತಲೇ ದೊಡ್ಡಮ್ಮ ಪಾದಗಳನ್ನು ಮೇಲೆ ಕೆಳಗೆ ಆಡಿಸಿದಳು. "ಸಾಕೇನಮ್ಮ ಡಾಕ್ಟ್ರೇ? ಇನ್ನೂ ಆಡಿಸಿದ್ರೆ ಈ ಬಸ್ಸು ನಾನೇ ಓಡಿಸ್ತಿದೀನಿ ಅಂತಾರೆ ಜನ."

ಹಿಂದಿನ ಸೀಟಿನವರು ನಕ್ಕರು. ಪಿಟೀಲು ನಗಲಿಲ್ಲ. ಒಂದು ಮಾತು ಹಿಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಮನೆಯಲ್ಲಿ ಅವಳಿಗೆ ಆ ಹೆಸರು. ದೊಡ್ಡಪ್ಪ ಅವಳನ್ನು ಜೊತೆಗೆ ಕಳಿಸಿದ್ದೂ ಅದಕ್ಕೇ.

ದೊಡ್ಡಮ್ಮ ಟೈಲರ್. ಹೋದ ವರ್ಷ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಗಡಿಬಿಡಿಯಲ್ಲಿ ದಿನವಿಡೀ ಮಿಷನ್ ಬಿಟ್ಟು ಎದ್ದಿರಲಿಲ್ಲ. ಒಂದು ಕಾಲು ಊದಿಕೊಂಡು ಕೆಂಪಾಯಿತು. ಒಳಗೆ ರಕ್ತ ಹೆಪ್ಪುಗಟ್ಟಿದೆ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಒಂದೇ ಕಡೆ ಕೂರಬೇಡಿ, ಆಗಾಗ ಎದ್ದು ಓಡಾಡಿ, ಚೆನ್ನಾಗಿ ನೀರು ಕುಡಿಯಿರಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು.

ಆದರೆ ಈಗ ನೀರಿನ ಬಾಟಲಿ ತುಂಬಿದ ಹಾಗೇ ಇತ್ತು.

"ಒಂದು ಗುಟುಕು ಕುಡಿ."

"ಬಾಯಾರಿಕೆ ಇಲ್ಲ."

"ತುಟಿ ಒಣಗಿದೆ."

"ಗಾಳಿಗೆ."

"ಕಿಟಕಿ ಮುಚ್ಚಿದೆ."

"ನಿನ್ನ ಕುಯ್ತ ಕೇಳಿ ಬಾಟಲಿಗೇ ತಲೆನೋವು ಬಂದಿರಬೇಕು ಕಣೆ."

"ಮತ್ತೆ ಆಸ್ಪತ್ರೆಗೆ ಹೋಗ್ಬೇಕಾ ನಿಂಗೆ?" ಪಿಟೀಲು ಬಾಟಲಿಯನ್ನು ಅವಳ ಮಡಿಲಲ್ಲಿಟ್ಟಳು. "ಆಗ ನನ್ನ ಒಳಗೇ ಬಿಡ್ಲಿಲ್ಲ. ಬಾಗಿಲಲ್ಲೇ ನಿಂತಿದ್ದೆ."

ದೊಡ್ಡಮ್ಮನ ತಮಾಷೆ ನಿಂತಿತು. ಅವಳು ಬಗ್ಗಿ ಪಿಸುಗುಟ್ಟಿದಳು. "ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಾಗತ್ತೆ. ಇಷ್ಟು ಜನರ ಮುಂದೆ ಬಸ್ ನಿಲ್ಸಿ ಅಂತ ಹೇಗೆ ಕೇಳ್ಲಿ?"

ಚೌಕಾಸಿ ಮಾಡಿ ಬಟ್ಟೆ ಅಂಗಡಿಯವನ ಬೆವರಿಳಿಸುವ ದೊಡ್ಡಮ್ಮನಿಗೂ ನಾಚಿಕೆಯೇ? ಕ್ಲಾಸಿನಲ್ಲಿ ಟಾಯ್ಲೆಟ್‌ಗೆ ಹೋಗಲಾ ಎಂದು ಟೀಚರನ್ನು ಕೇಳಲಾಗದೆ ತಾನೂ ಎಷ್ಟೋ ಸಲ ಬೆಂಚಿನಲ್ಲಿ ಮುದುಡಿ ಕೂತದ್ದು ಪಿಟೀಲಿಗೆ ನೆನಪಾಯಿತು.

ಅವಳು ಸೀಟುಗಳನ್ನು ಹಿಡಿದುಕೊಂಡು ಮುಂದೆ ಹೋದಳು.

"ಅಂಕಲ್, ಪೆಟ್ರೋಲ್ ಬಂಕ್ ಹತ್ರ ನಿಲ್ಲಿಸ್ತೀರಾ? ನಂಗೆ ಅರ್ಜೆಂಟು."

ಯಾರೋ ಕಿಸಕ್ಕೆಂದರು. ಪಿಟೀಲಿನ ಕಿವಿ ಬಿಸಿಯಾಯಿತು. "ಇಷ್ಟೇ ತಾನೇ, ನಿಲ್ಲಿಸೋಣ ಬಿಡಮ್ಮ," ಎಂದ ಡ್ರೈವರ್.

ಬಂಕ್ ಬಂದಾಗ ಅರ್ಧ ಬಸ್ಸೇ ಇಳಿಯಿತು. ಹೆಂಗಸರದೇ ಉದ್ದ ಸಾಲು. ಟಾಯ್ಲೆಟ್ಟಿನಿಂದ ಬಂದ ದೊಡ್ಡಮ್ಮ ಬಸ್ಸನ್ನು ಸುತ್ತು ಹಾಕಿ, ಹತ್ತಿ ಕೂತು, ಹೇಳಿಸಿಕೊಳ್ಳದೆಯೇ ಗಟಗಟ ನೀರು ಕುಡಿದಳು.

"ನಿಂಗೆ ಅರ್ಜೆಂಟು ಅಂದ್ಯಲ್ಲ, ನೀನು ಹೋಗ್ಲೇ ಇಲ್ಲ?"

ಪಿಟೀಲು ಕಿಟಕಿಯಾಚೆ ನೋಡಿದಳು.

ದೊಡ್ಡಮ್ಮ ಬಾಟಲಿಯ ಮುಚ್ಚಳ ತಿರುಗಿಸಿದಳು. "ಮುಂದಿನ ಸಲ ನಾನೇ ಕೇಳ್ತೀನಿ," ಎಂದಳು.

ಅದು ಎಷ್ಟು ಕಷ್ಟ ಎಂದು ಪಿಟೀಲಿಗೆ ಈಗ ಗೊತ್ತಿತ್ತು.

"ನಾನೂ ಜೊತೆಗೆ ಬರ್ತೀನಿ," ಎಂದಳು.